ಹನ್ನೆರಡು ಎಕರೆ ಹದಿನಾಲ್ಕು ಗುಂಟೆ

ಗುಡ್ಡಕ್ಕೆ ಸರ್ಕಾರಿ ಕನ್ನಡದಲ್ಲಿ ಒಂದು ಹೆಸರಿದೆ: ಉಪಖನಿಜ. 1957ರ ಗಣಿ ಮತ್ತು ಖನಿಜ ಕಾಯ್ದೆ ಚಿನ್ನ, ಕಬ್ಬಿಣದ ಅದಿರು, ಬಾಕ್ಸೈಟುಗಳನ್ನು ಮುಖ್ಯ ಪಂಕ್ತಿಯಲ್ಲಿ ಕೂರಿಸಿ, ಕಟ್ಟಡದ ಕಲ್ಲು, ಜಲ್ಲಿ, ಮಣ್ಣು, ಮರಳುಗಳಿಗೆ ಹಿತ್ತಿಲಲ್ಲಿ ಬೇರೆ ಎಲೆ ಹಾಕಿತು. ಮುಖ್ಯ ಪಂಕ್ತಿಯವರಿಗೆ ದಿಲ್ಲಿಯ ಉಸ್ತುವಾರಿ, ಹಿತ್ತಿಲಿನವರಿಗೆ ರಾಜ್ಯದ ನಿಯಮಾವಳಿ. ಬಳ್ಳಾರಿಯ ಅದಿರು ಲೂಟಿಯಾದಾಗ ಲೋಕಾಯುಕ್ತರ ವರದಿ ಬಂತು, ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಿತು, 2011ರಲ್ಲಿ ಮುಖ್ಯಮಂತ್ರಿಯೊಬ್ಬರು ಕುರ್ಚಿ ಬಿಡಬೇಕಾಯಿತು. ಜಲ್ಲಿಯಿಂದ ಅಂಥ ಕುರ್ಚಿ ಯಾವುದೂ ಅಲುಗಿಲ್ಲ. ಅಲುಗಿದ್ದು ಊರಿನ ಗೋಡೆಗಳು.

ನಮ್ಮ ಕಡೆ ಜಲ್ಲಿಗೆ ಖಡಿ ಅನ್ನುತ್ತಾರೆ. ಮರಾಠಿಯವರೂ ಖಡಿ ಅನ್ನುವುದರಿಂದ, ಪುಣೆಗೆ ಬಂದ ಹೊಸದರಲ್ಲಿ ಯಾರೂ ಬಿಡಿಸಿ ಹೇಳದೆ ನನಗೆ ಅರ್ಥವಾದ ಕೆಲವೇ ಪದಗಳಲ್ಲಿ ಅದೂ ಒಂದು. ನನ್ನೂರು ಕೊಪ್ಪಳ ಜಿಲ್ಲೆಯಲ್ಲಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಒಂದೂರಿನ ಜಗಳವಾಗಿಬಿಡುತ್ತದೆ; ಅಲ್ಲದೆ ಅಲ್ಲೇ ಉಳಿದು, ಅದೇ ಕಿರಾಣಿ ಅಂಗಡಿಗೆ ಹೋಗಿ, ಅದೇ ಪಂಚಾಯ್ತಿ ಕಟ್ಟೆಯ ಮುಂದೆ ಹಾಯ್ದು ಆ ಜಗಳ ಆಡಬೇಕಾದವರು ನಾನಲ್ಲ. ಊರಿಗೆ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿರುವ ಗುಡ್ಡಕ್ಕೆ ಕ್ವಾರಿ, ಅದರ ಬುಡದಲ್ಲಿ ಖಡಿ ಮಷೀನು ಹಾಕಲು ಅರ್ಜಿ ಬಿದ್ದಿದೆ. ಇಷ್ಟು ಸಾಕು. ನಿಮ್ಮಲ್ಲಿ ಕೋಲಾರದವರಿಗೆ, ತುಮಕೂರಿನವರಿಗೆ, ರಾಮನಗರದವರಿಗೆ, ಬಾಗಲಕೋಟೆಯವರಿಗೆ ಮುಂದಿನ ಕಥೆ ಗೊತ್ತಿರಬಹುದು.

ಊರು ಬಿಟ್ಟವರದ್ದೇ ಒಂದು ವಾಟ್ಸಾಪ್ ಗುಂಪಿದೆ. ಜಾತ್ರೆಯ ಫೋಟೊ, ತೀರಿಕೊಂಡವರ ಸುದ್ದಿ, ಯಾರಿಗೋ ರಕ್ತ ಬೇಕೆಂಬ ಮನವಿ ಇಷ್ಟಕ್ಕೇ ಇದ್ದದ್ದು ಈಗ ಕ್ವಾರಿಯ ಕಾರಣಕ್ಕೆ ಬಿಸಿಯಾಗಿದೆ. ಅಲ್ಲಿ ಬಂದ ವಾದಗಳಲ್ಲಿ ಎರಡಕ್ಕೆ ನಾನು ಉತ್ತರ ಕೊಡಬೇಕಿದೆ. ಒಂದು: “ಪುಣೆಯಾಗ ಹನ್ನೊಂದನೇ ಫ್ಲೋರಿನ್ಯಾಗ ಕುಂತು ಗುಡ್ಡದ ಸಲುವಾಗಿ ಅಳೂದು ಭಾಳ ಹಗುರ. ನೀ ಕುಂತ ಮನಿ ಯಾವುದರಿಂದ ಕಟ್ಟ್ಯಾರ ನೋಡ್ಕೋ.” ಎರಡು: “ಊರಾಗ ಇರವ್ರಿಗೆ ಬಿಡ್ರಿ, ನಮಗ್ಯಾಕ ಬೇಕು.”

ಮೊದಲನೆಯದು ಒಳ್ಳೆಯ ಏಟು. ಅದನ್ನು ತಪ್ಪಿಸಿಕೊಳ್ಳದೆ ಲೆಕ್ಕ ಹಾಕೋಣ. ಒಂದು ಘನಮೀಟರ್ ಕಾಂಕ್ರೀಟಿಗೆ ಸುಮಾರು 1.2 ಟನ್ ಖಡಿ, 0.7 ಟನ್ ಮರಳು ಬೀಳುತ್ತದೆ. ಸಾವಿರ ಚದರಡಿಯ ಒಂದು ಫ್ಲ್ಯಾಟಿಗೆ ಅಡಿಪಾಯ, ಜಿನೆ, ಪಾರ್ಕಿಂಗಿನ ಪಾಲೂ ಸೇರಿ 45 ಘನಮೀಟರ್ ಕಾಂಕ್ರೀಟ್ ಎಂದು ಒರಟಾಗಿ ಹಿಡಿದರೆ, ಖಡಿ 54 ಟನ್, ಮರಳು ಮೂವತ್ತು ಚಿಲ್ಲರೆ ಟನ್. ಮರಳು ಎಂದರೂ ಈಗ ಬಹುಪಾಲು ಹೊಳೆಯದ್ದಲ್ಲ, ಅದೇ ಕಲ್ಲನ್ನು ಇನ್ನೂ ಸಣ್ಣಗೆ ಅರೆದ ಎಂ-ಸ್ಯಾಂಡ್. ಒಟ್ಟು 85 ಟನ್, ಅಂದರೆ ಐದಾರು ಟಿಪ್ಪರು. ಗುಡ್ಡದ ಮೇಲೆ ಇಡಿಯಾಗಿ ಇದ್ದಾಗ ಅದು ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಬಂಡೆಗಿಂತ ತುಸು ದೊಡ್ಡದು. ನಿಮ್ಮ ಮನೆಯ ಮಲಗುವ ಕೋಣೆಯನ್ನು ನೆಲದಿಂದ ಮಾಳಿಗೆಯವರೆಗೆ ಕಲ್ಲು ತುಂಬಿ ನೋಡಿ, ಅಷ್ಟು. ಹೌದು, ನಾನು ಕೂತಿರುವುದು ಆ ಬಂಡೆಯ ಮೇಲೆಯೇ.

ಆದರೆ ಆ ಬಂಡೆ ಕೊಪ್ಪಳದ್ದಲ್ಲ. ಖಡಿ ಭಾರದ ಮಾಲು. ದೂರ ಹೋದಷ್ಟೂ ಕಲ್ಲಿನ ಬೆಲೆಗಿಂತ ಲಾರಿ ಬಾಡಿಗೆ ಹೆಚ್ಚಾಗುತ್ತದೆ. ಹಾಗಾಗಿ ಪ್ರತಿ ನಗರವೂ ತನ್ನ ಸುತ್ತಲಿನ ಗುಡ್ಡಗಳನ್ನೇ ತಿನ್ನುತ್ತದೆ. ಪುಣೆ ವಾಘೋಲಿಯ, ಮೋಶಿಯ ಕರಿಗಲ್ಲನ್ನು ತಿಂದಿತು. ನವಿ ಮುಂಬೈ ತುರ್ಭೆಯ ಬೆನ್ನಿಗಿದ್ದ ಪಾರ್ಸಿಕ್ ಗುಡ್ಡವನ್ನು ಕೊರೆದದ್ದು ಠಾಣೆ-ಬೇಲಾಪುರ ರಸ್ತೆಯಲ್ಲಿ ಓಡಾಡಿದ ಎಲ್ಲರಿಗೂ ಕಾಣುತ್ತದೆ. ನನ್ನ ಮನೆಯ ಕಲ್ಲಿಗೆ ನಾನು ವಾಘೋಲಿಯವರಿಗೆ ಉತ್ತರದಾಯಿ. ಆ ಸಾಲ ಇದೆ ಎಂದ ಮಾತ್ರಕ್ಕೆ ನನ್ನೂರಿನವರ ಎದೆಗೆ ಧೂಳು ತುಂಬಲು ನಾನು ಒಪ್ಪಿಗೆ ಬರೆದುಕೊಟ್ಟಂತೆ ಆಗುವುದಿಲ್ಲ. ಅನ್ನ ತಿನ್ನುವವನು ಗದ್ದೆಗೆ ವಿಷ ಹೊಡೆಯಬೇಡಿ ಅನ್ನಬಾರದೇ? ಕಲ್ಲು ಬಳಸುವವನಿಗೇ ಕಲ್ಲು ಹೇಗೆ ಬಂತು ಎಂದು ಕೇಳುವ ಜವಾಬ್ದಾರಿ ಜಾಸ್ತಿ.

ಗುಡ್ಡದಿಂದ ಕಲ್ಲು ತೆಗೆಯುವುದು ನಮ್ಮ ಸೀಮೆಗೆ ಹೊಸದೂ ಅಲ್ಲ, ಪಾಪವೂ ಅಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಮೋರೇರ ಮನೆಗಳೆಂದು ಜನ ಕರೆಯುವ ನೂರಾರು ಕಲ್ಗೋರಿಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ಅಲ್ಲಿಯದೇ ಬಂಡೆಯಿಂದ ಹಾಸು ಎಬ್ಬಿಸಿ ನಿಲ್ಲಿಸಿದ್ದು. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಹಂಪಿ ಇಡೀ ಊರೇ ಸುತ್ತಲ ಗುಡ್ಡದಿಂದ ಇಳಿದು ಬಂದದ್ದು. ಹಂಪಿಯ ಬಂಡೆಗಳ ಮೇಲೆ ಬೆಣೆ ಹೊಡೆಯಲು ಸಾಲಾಗಿ ಕೊರೆದ ಗುರುತುಗಳು ಈಗಲೂ ಇವೆ. ಹೊಲಿಗೆ ಹಾಕಿದಂತೆ ಕಾಣುತ್ತವೆ. ನನ್ನಜ್ಜನ ಮನೆಯ ಗೋಡೆಗೆ ಕಲ್ಲು ಕೊಟ್ಟದ್ದು ಇದೇ ಗುಡ್ಡ. ವಡ್ಡರು ಉಳಿ, ಸುತ್ತಿಗೆ, ಬೆಣೆ ಹಿಡಿದು, ಕಲ್ಲಿನ ಎಳೆ ಯಾವ ಕಡೆ ಓಡಿದೆ ಎಂದು ಕೈಯಾಡಿಸಿ ನೋಡಿ ಸೀಳುತ್ತಿದ್ದರು. ಅವರ ಬೆನ್ನು ಮುರಿಯುತ್ತಿತ್ತು, ಕೂಲಿ ಸಾಲುತ್ತಿರಲಿಲ್ಲ. ಆ ಕಾಲವನ್ನು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ನಾನು ಹೇಳುವುದು ಗಾತ್ರದ ವಿಷಯ. ಒಂದು ಊರು ನೂರು ವರ್ಷ ಮನೆ ಕಟ್ಟಿದರೂ ಗುಡ್ಡದ ಗೆರೆ ಬದಲಾಗಿರಲಿಲ್ಲ. ಹಿಟಾಚಿ, ಡ್ರಿಲ್ಲಿಂಗ್ ಮಷೀನು, ಜಿಲೆಟಿನ್ ಬಂದರೆ ಅದೇ ಗುಡ್ಡ ಒಂದು ಗುತ್ತಿಗೆ ಅವಧಿಯಲ್ಲಿ ಮುಗಿಯುತ್ತದೆ. ಮುಗಿದ ಮೇಲೂ ನಿಲ್ಲುವುದಿಲ್ಲ, ನೆಲದ ಮಟ್ಟದಿಂದ ಕೆಳಕ್ಕೆ ಇಳಿಯುತ್ತದೆ. ಕೊನೆಗೆ ಉಳಿಯುವುದು ಹಸಿರು ನೀರು ನಿಂತ ಒಂದು ಹೊಂಡ. ಬೇಸಿಗೆ ರಜೆಯಲ್ಲಿ ಅಂಥ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದದೇ ಇರುವ ವರ್ಷ ಯಾವುದು?

ಈಗ ತಲೆಬರಹದ ಲೆಕ್ಕಕ್ಕೆ ಬರುತ್ತೇನೆ. ಹನ್ನೆರಡು ಎಕರೆ ಹದಿನಾಲ್ಕು ಗುಂಟೆ ಅಂದರೆ ಐದು ಹೆಕ್ಟೇರು. ನಮ್ಮ ದೇಶದ ಸಣ್ಣ ಕ್ವಾರಿಗಳ ಕಾನೂನೆಲ್ಲ ಈ ಒಂದು ಸಂಖ್ಯೆಯ ಸುತ್ತ ಗಿರಕಿ ಹೊಡೆಯುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗಳನ್ನು ಕೇಳುವವರಿಲ್ಲದೆ ಬಿಟ್ಟಿತ್ತು. ಹೀಗಾಗಿ ದೇಶದ ತುಂಬ ಗುತ್ತಿಗೆಗಳು ಐದು ಹೆಕ್ಟೇರಿನೊಳಗೇ ಹುಟ್ಟತೊಡಗಿದವು. 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಎಷ್ಟೇ ಚಿಕ್ಕದಿರಲಿ, ಉಪಖನಿಜದ ಗುತ್ತಿಗೆಗೂ ಪರಿಸರ ಅನುಮತಿ ಬೇಕೇ ಬೇಕು ಎಂದಿತು. 2016ರಲ್ಲಿ ಕೇಂದ್ರ ಸರ್ಕಾರ ಆಯ್ತು ಎಂದು ತಲೆಯಾಡಿಸಿ, ಜಿಲ್ಲಾ ಮಟ್ಟದ ಪ್ರಾಧಿಕಾರಗಳನ್ನು ಮಾಡಿ, 25 ಹೆಕ್ಟೇರಿನವರೆಗೂ ಜನರನ್ನು ಕೇಳುವ ಅಗತ್ಯವಿಲ್ಲವೆಂದು ಸಡಿಲಿಸಿತು. 2018ರ ಸೆಪ್ಟೆಂಬರಿನಲ್ಲಿ ಹಸಿರು ನ್ಯಾಯಾಧಿಕರಣ ಆ ಸಡಿಲಿಕೆ ಸಲ್ಲದು, ಐದು ಹೆಕ್ಟೇರು ದಾಟಿದರೆ ಅಧ್ಯಯನವೂ ಬೇಕು ಜನಾಭಿಪ್ರಾಯವೂ ಬೇಕು ಎಂದಿತು. ಹನ್ನೆರಡು ವರ್ಷ ಕುಣಿದು ಬಂದು ನಿಂತದ್ದು ಅದೇ ಹನ್ನೆರಡು ಎಕರೆ ಹದಿನಾಲ್ಕು ಗುಂಟೆಯ ಮುಂದೆ.

ಐದು ಹೆಕ್ಟೇರಿನೊಳಗಿದ್ದರೆ ‘ಬಿ-2’ ದರ್ಜೆ. ಊರಿನವರನ್ನು ಕರೆದು ಕೇಳಬೇಕಾಗಿಲ್ಲ, ಪೂರ್ಣ ಪ್ರಮಾಣದ ಅಧ್ಯಯನ ಬೇಕಾಗಿಲ್ಲ. ದಾಟಿದರೆ ಎರಡೂ ಬೇಕು. ಇಂಥ ಬೇಲಿ ಹಾಕಿದರೆ ಜಾಣರು ಏನು ಮಾಡುತ್ತಾರೆ? ಗುಡ್ಡವನ್ನು ಕೇಕಿನಂತೆ ಕೊಯ್ಯುತ್ತಾರೆ. ಒಂದು ತುಂಡು ಅಣ್ಣನ ಹೆಸರಿಗೆ, ಒಂದು ಅಳಿಯನ ಹೆಸರಿಗೆ, ಇನ್ನೊಂದು ಲೆಕ್ಕ ಬರೆಯುವವನ ಹೆಸರಿಗೆ. ಇದನ್ನು ತಡೆಯಲೆಂದೇ ನಿಯಮದಲ್ಲಿ ‘ಕ್ಲಸ್ಟರ್’ ಎಂಬ ಮಾತು ಸೇರಿಸಿದ್ದಾರೆ: ಒಂದು ಗುತ್ತಿಗೆಯ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರಿಗಿಂತ ಕಡಿಮೆ ದೂರವಿದ್ದರೆ ಎಲ್ಲವನ್ನೂ ಕೂಡಿಸಿ ಅಳೆಯಬೇಕು. ಒಳ್ಳೆಯ ನಿಯಮ. ಆದರೆ ಅಳೆಯುವವರು ಯಾರು? ಅರ್ಜಿದಾರರು ಕೊಟ್ಟ ನಕ್ಷೆಯನ್ನು ಕಚೇರಿ ನಂಬುತ್ತದೆ, ಕಚೇರಿಯ ಪತ್ರವನ್ನು ಸಮಿತಿ ನಂಬುತ್ತದೆ, ಸಮಿತಿಯ ನಡಾವಳಿಯನ್ನು ಊರು ನಂಬಬೇಕು. ನಮ್ಮೂರಿನ ಗುಡ್ಡಕ್ಕೆ ಬಿದ್ದಿರುವುದು ಒಂದೇ ಅರ್ಜಿಯಲ್ಲ. ಅಕ್ಕಪಕ್ಕದ ಸರ್ವೆ ನಂಬರುಗಳಿಗೆ ಬೇರೆ ಬೇರೆ ಹೆಸರಿನಲ್ಲಿವೆ. ಎಲ್ಲವೂ ಆ ಸಂಖ್ಯೆಯ ಒಳಗೇ ಇರುವುದು ಕಾಕತಾಳೀಯವೆಂದು ನಂಬುವಷ್ಟು ಒಳ್ಳೆಯ ಮನಸ್ಸು ನನಗೆ ದೇವರು ಕೊಟ್ಟಿಲ್ಲ.

ಇನ್ನೊಂದು ತಮಾಷೆ ಪಹಣಿಯದ್ದು. ಗುಡ್ಡ ಮತ್ತು ಅದರ ಸೆರಗು ಗಾಯರಾಣ. ದಕ್ಷಿಣದವರು ಗೋಮಾಳ ಅನ್ನುತ್ತೀರಿ. ಪಹಣಿಯಲ್ಲಿ ಅದರ ಮಾಲೀಕರು ಸರ್ಕಾರ. ತಲೆತಲಾಂತರದಿಂದ ಕುರಿ ಮೇಯಿಸಿದ ಮನೆತನಗಳ ಹೆಸರು ಅದರಲ್ಲಿಲ್ಲ, ಕುರಿಯ ಹೆಸರಂತೂ ಇರಲು ಸಾಧ್ಯವೇ ಇಲ್ಲ. ಸೀತಾಫಲ ಆರಿಸುವ, ಉರುವಲು ತರುವ, ಹೊಸ ಪೊರಕೆಗೆ ಹುಲ್ಲು ಕೊಯ್ಯುವ ಹೆಂಗಸರ ಹೆಸರೂ ಇಲ್ಲ. ಆದ್ದರಿಂದ ಕಾಗದದ ಮೇಲೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಸ್ಥಳಾಂತರ ಶೂನ್ಯ, ಪರಿಹಾರ ಶೂನ್ಯ, ‘ಬಂಜರು ಕಲ್ಲುಭೂಮಿ’. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಊರೊಟ್ಟಿನ ಜಾಗಗಳನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ವಾಪಸು ಕೊಡಿಸಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತ್ತು. ಒತ್ತುವರಿದಾರ ಒಬ್ಬ ರೈತನಾದರೆ ಅದು ಒತ್ತುವರಿ, ಗುತ್ತಿಗೆ ಪತ್ರ ಹಿಡಿದು ಬಂದರೆ ಅಭಿವೃದ್ಧಿ.

ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಒಂದಾದ ಮೇಲೊಂದು ಬೇಡ ಅಂದವು, ಬಾಕ್ಸೈಟ್ ಗಣಿ ನಿಂತಿತು. ಅಲ್ಲಿನವರಿಗೆ ಅರಣ್ಯ ಹಕ್ಕು ಕಾಯ್ದೆಯ ಬಲವಿತ್ತು. ನಮ್ಮ ಗ್ರಾಮಸಭೆ ಕೈಯೆತ್ತಿ ಬೇಡ ಎಂದು ಠರಾವು ಮಾಡಿದರೆ ಅದು ಕಡತದಲ್ಲಿ ಒಂದು ಹಾಳೆ. ಗಾಂಧೀಜಿಯ ಫೋಟೊ ಕೆಳಗೆ ಕೂತು ಗ್ರಾಮಸ್ವರಾಜ್ ಎಂಬ ಹೆಸರಿನ ಕಾಯ್ದೆಯಡಿ ಸಭೆ ನಡೆಸುವ ಊರಿಗೆ ತನ್ನ ಬೆನ್ನಿಗಿರುವ ಗುಡ್ಡದ ಮೇಲೆ ಕೊನೆಯ ಮಾತು ಇಲ್ಲ.

ಧೂಳಿನ ವಿಷಯ ಹೇಳಬೇಕು. ಕೊಪ್ಪಳದವರಿಗೆ ಧೂಳು ಗೊತ್ತಿಲ್ಲದ್ದಲ್ಲ. ಗಿಣಿಗೇರಿಯ ಸುತ್ತಲಿನ ಕಾರ್ಖಾನೆಗಳ ಕರಿ ಧೂಳಿನಲ್ಲಿ ಬದುಕುವ ಹಳ್ಳಿಗಳಿವೆ. ಮತ್ತೊಂದು ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮಿಗಳೇ ಬೀದಿಗೆ ಬಂದರು. ಕಲ್ಲಿನ ಧೂಳು ಬಿಳಿ. ಕರಿ ಧೂಳಿನಷ್ಟು ಹೆದರಿಸುವುದಿಲ್ಲ, ಹಿಟ್ಟಿನ ಗಿರಣಿಯ ನೆನಪು ತರುತ್ತದೆ. ಆದರೆ ನಮ್ಮ ಸೀಮೆಯ ಬಂಡೆಯೆಂದರೆ ಗ್ರಾನೈಟ್ ಮತ್ತು ಅದರ ಬಳಗ. ಅದರೊಳಗೆ ಬೆಣಚು ಇದೆ, ಬೆಣಚೆಂದರೆ ಸಿಲಿಕ. ಅರೆದಾಗ ಕಣ್ಣಿಗೆ ಕಾಣದಷ್ಟು ಸಣ್ಣಗಾಗುವ ಸಿಲಿಕ ಪುಪ್ಪುಸದ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಔಷಧ ಇಲ್ಲ. ಬಂದವರಿಗೆ ಕ್ಷಯವೂ ಬೇಗ ಹಿಡಿಯುತ್ತದೆ. ಉಸಿರಿನೊಂದಿಗೆ ಒಳಹೋಗುವ ಈ ಸಿಲಿಕ ಕ್ಯಾನ್ಸರಿಗೂ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮೊದಲ ದರ್ಜೆಗೆ ಸೇರಿಸಿದೆ. ದುಡಿಯುವವರಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ. ಆಮೇಲೆ ಗಾಳಿ ಬೀಸುವ ದಿಕ್ಕಿನ ಮನೆಗಳಿಗೆ.

ಖಡಿ ಮಷೀನಿನ ಧೂಳಿಗೆ ಕೇಂದ್ರದ ಮಾನದಂಡವಿದೆ: ಯಂತ್ರದಿಂದ ಮೂರರಿಂದ ಹತ್ತು ಮೀಟರ್ ದೂರದಲ್ಲಿ ಅಳೆದಾಗ ಒಂದು ಘನಮೀಟರ್ ಗಾಳಿಯಲ್ಲಿ 600 ಮೈಕ್ರೋಗ್ರಾಂ ಮೀರಬಾರದು. ಗಾಳಿ ತಡೆಗೋಡೆ, ಮುಚ್ಚಿದ ಕನ್ವೇಯರ್, ನೀರಿನ ಸಿಂಪರಣೆ, ಡಾಂಬರು ಹಾದಿ, ಸುತ್ತಲೂ ಗಿಡ. ಎಲ್ಲವೂ ಅರ್ಜಿಯಲ್ಲಿರುತ್ತವೆ. ನೀರಿನ ಸಿಂಪರಣೆ ಎಂಬಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ. ಬೇಸಿಗೆಯಲ್ಲಿ ಕೊಡ ಪಾಳಿ ಹಚ್ಚುವ ಊರು. ಅಲ್ಲಿ ಧೂಳು ಕೂರಿಸಲು ದಿನವೂ ಟ್ಯಾಂಕರ್ ನೀರು ಹೊಡೆಯುತ್ತೇವೆ ಅಂದರೆ ಆ ನೀರು ಯಾರ ಬೋರಿನದ್ದು? ಹೊಡೆದರೆ ನಮ್ಮ ನೀರು ಹೋಯಿತು, ಹೊಡೆಯದಿದ್ದರೆ ನಮ್ಮ ಉಸಿರು ಹೋಯಿತು. ಇದಕ್ಕೆ ನಿಯಂತ್ರಣ ಕ್ರಮ ಎಂದು ಹೆಸರು.

ನೀರಿನ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಬಂಡೆಗುಡ್ಡ ನೋಡುವವರಿಗೆ ಒಣಕಲು. ಆದರೆ ಬೋಳು ಬಂಡೆಯ ಮೇಲೆ ಬಿದ್ದ ಮಳೆ ಇಂಗಲು ಜಾಗವಿಲ್ಲದೆ ಜಾರಿ ಗುಡ್ಡದ ಬುಡಕ್ಕೆ ಬರುತ್ತದೆ. ಬುಡದಲ್ಲಿ ಬಂಡೆ ಕರಗಿ ಆದ ಗರಸು ಮಣ್ಣಿದೆ, ಅಲ್ಲಿ ಇಂಗುತ್ತದೆ. ನಮ್ಮ ಗಟ್ಟಿ ಕಲ್ಲಿನ ಸೀಮೆಯಲ್ಲಿ ಅಂತರ್ಜಲವೆಂದರೆ ಈ ಗರಸಿನ ಪದರ ಮತ್ತು ಅದರ ಕೆಳಗಿನ ಬಿರುಕುಗಳು, ಅಷ್ಟೇ. ಬಾವಿ, ಬೋರು, ಕೆಳಗಿನ ಹಳ್ಳ, ಅದರ ಮುಂದಿನ ಕೆರೆ ಎಲ್ಲ ಆ ಸೆರಗಿನ ಉಪಕಾರ. ಕ್ವಾರಿ ಆ ಸೆರಗನ್ನೇ ಮೊದಲು ಕಿತ್ತೊಗೆಯುತ್ತದೆ. ಗಣಿ ಭಾಷೆಯಲ್ಲಿ ಅದು ತ್ಯಾಜ್ಯ ಮಣ್ಣು. ಆಮೇಲೆ ಬಿರುಕುಗಳಿಂದ ಹೊಂಡಕ್ಕೆ ಒಸರುವ ನೀರನ್ನು ಕಲ್ಲು ತೆಗೆಯಲು ಅಡ್ಡಿ ಎಂದು ಪಂಪಿಟ್ಟು ಹೊರಗೆ ಹಾಕುತ್ತದೆ. ಅತ್ತ ಬೋರು ಬತ್ತುತ್ತದೆ, ಇತ್ತ ಹಳ್ಳದಲ್ಲಿ ಹಾಲಿನ ಬಣ್ಣದ ಕೆಸರು.

ಗುಡ್ಡದಲ್ಲಿ ಇರುವ ಇತರರ ಬಗ್ಗೆ ಬರೆಯಲು ನನಗೆ ಅಷ್ಟು ತಿಳಿವಳಿಕೆ ಇಲ್ಲ. ಕರಡಿಗೆ ದರೋಜಿಯಲ್ಲಿ ಧಾಮವಿದೆ, ತೋಳಕ್ಕೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ. ಧಾಮದ ಗಡಿ ಅವಕ್ಕೆ ಗೊತ್ತಿಲ್ಲ, ಗುಡ್ಡದಿಂದ ಗುಡ್ಡಕ್ಕೆ ನಡೆಯುತ್ತವೆ. ಕೊಂಬಿನ ಗೂಬೆ ಬಂಡೆಯ ಸಂದಿನಲ್ಲೇ ಮರಿ ಮಾಡುತ್ತದೆ. ಅರ್ಜಿಗಳಲ್ಲಿ ಪ್ರಾಣಿಪಟ್ಟಿ ಎಂಬ ಹಾಳೆ ಇರುತ್ತದೆ: ಹಸು, ಎಮ್ಮೆ, ನಾಯಿ, ಕಾಗೆ, ಗುಬ್ಬಿ.

ಸ್ಫೋಟ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನ ಕ್ರಷರಿನ ಬಳಿ ಜಿಲೆಟಿನ್ ತುಂಬಿದ್ದ ಲಾರಿ ಸಿಡಿಯಿತು. ಅಕ್ಕಪಕ್ಕದ ಜಿಲ್ಲೆಗಳವರೂ ಭೂಕಂಪವೆಂದು ಮನೆಯಿಂದ ಹೊರಗೆ ಓಡಿ ಬಂದರು. ದುಡಿಯಲು ಬಂದಿದ್ದವರ ದೇಹಗಳು ಗುರುತು ಸಿಗದಷ್ಟು ಚೂರಾಗಿದ್ದವು. ರಾಜ್ಯವೆಲ್ಲ ಎಚ್ಚೆತ್ತಿತು, ಅಕ್ರಮ ಜಿಲೆಟಿನ್ ಹುಡುಕಲು ಆದೇಶವಾಯಿತು. ತಿಂಗಳು ಕಳೆದು ಒಂದೆರಡು ದಿನವಾಗಿರಲಿಲ್ಲ, ಗುಡಿಬಂಡೆ ತಾಲ್ಲೂಕಿನ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಮತ್ತೆ ಸಿಡಿದು ಆರು ಜನ ಸತ್ತರು. ಇವು ಸುದ್ದಿಯಾದವು. ದಿನಾ ಮಧ್ಯಾಹ್ನದ ಸಣ್ಣ ಸ್ಫೋಟಕ್ಕೆ ಗೋಡೆಯಲ್ಲಿ ಬೀಳುವ ಕೂದಲಿನಷ್ಟು ಸಪೂರ ಬಿರುಕು ಸುದ್ದಿಯಾಗುವುದಿಲ್ಲ. ಅದಕ್ಕೂ ನಿಯಮವಿದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ ಹೊರಗಿನವರ ಮನೆಗಳ ಬಳಿ ಕಂಪನದ ವೇಗ, ಕಡಿಮೆ ಆವರ್ತನದಲ್ಲಿ, ಸೆಕೆಂಡಿಗೆ 5 ಮಿಲಿಮೀಟರ್ ದಾಟಬಾರದು. ಒಪ್ಪಿದೆ. ನಮ್ಮೂರಿನ ಮಣ್ಣಿನ ಗೋಡೆಯ ಪಕ್ಕ ಕಂಪನ ಅಳೆಯುವ ಯಂತ್ರ ಇಟ್ಟು ಕೂರುವವರು ಯಾರು? ಮನೆ ಬಿರಿದ ಹೆಂಗಸು ದೂರು ಕೊಡಲು ಹೋದರೆ, ಬಿರುಕು ಮೊದಲೇ ಇತ್ತೋ ಏನೋ ಅನ್ನುತ್ತಾರೆ. ಮೊದಲು ಇರಲಿಲ್ಲ ಎಂದು ತೋರಿಸಲು ಅವಳು ಕ್ವಾರಿ ಬರುವ ಮುಂಚೆಯೇ ತನ್ನ ಗೋಡೆಯ ಫೋಟೊ ತೆಗೆದಿಟ್ಟಿರಬೇಕಿತ್ತು.

ಪಾಂಡವಪುರದ ಬೇಬಿ ಬೆಟ್ಟದ ಕಥೆ ಮಂಡ್ಯದವರಿಗೆ ಗೊತ್ತು. ಅಲ್ಲಿನ ಸ್ಫೋಟದಿಂದ ಕೆ.ಆರ್.ಎಸ್. ಅಣೆಕಟ್ಟಿಗೆ ಅಪಾಯ ಎಂಬ ಆತಂಕ ವರ್ಷಗಟ್ಟಲೆ ಕುದಿದು, 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ಗಣಿಗಾರಿಕೆ ನಿಲ್ಲಿಸಿತು. ಸರಿಯಾದ ತೀರ್ಪು, ಬೆಂಗಳೂರಿಗೂ ಮೈಸೂರಿಗೂ ಬೇಕಾದ ತೀರ್ಪು. ಮನುಷ್ಯರು ಮಲಗುವ ಮನೆಗಳಿಗೆ? ಕೇರಳದಲ್ಲಿ 50 ಮೀಟರ್ ಇದ್ದುದನ್ನು ಪ್ರಶ್ನಿಸಿ ಜನ ಬರೆದ ಮೇಲೆ 2020ರಲ್ಲಿ ಹಸಿರು ನ್ಯಾಯಾಧಿಕರಣ, ಸ್ಫೋಟ ನಡೆಸುವ ಕ್ವಾರಿಗೆ ಮನೆಯಿಂದ 200 ಮೀಟರ್ ದೂರ ಬೇಕೆಂದಿತು. ಅದೂ ಕೋರ್ಟಿನಿಂದ ಕೋರ್ಟಿಗೆ ಅಲೆಯಿತು. ಸ್ಫೋಟದ ಹೊತ್ತಿನಲ್ಲಿ 500 ಮೀಟರ್ ಸುತ್ತಳತೆ ಅಪಾಯ ವಲಯ ಎಂದು ಗಣಿ ಸುರಕ್ಷತೆಯವರೇ ಹೇಳುತ್ತಾರೆ. ಹಾಗಾದರೆ 200ರಿಂದ 500 ಮೀಟರಿನ ನಡುವೆ ಇರುವವರು ದಿನಾ ಸೈರನ್ ಕೂಗಿದಾಗ ಮಕ್ಕಳನ್ನೆತ್ತಿಕೊಂಡು ಎಲ್ಲಿಗೆ ಹೋಗಬೇಕು?

ಉದ್ಯೋಗದ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಹುರುಳು ಕಡಿಮೆ. ಹಿಟಾಚಿ ಓಡಿಸುವವನು ಒಬ್ಬ, ಡ್ರಿಲ್ ಹಿಡಿಯುವವರು ನಾಲ್ವರು, ಕ್ರಷರಿನ ಬಳಿ ಒಂದಷ್ಟು ಜನ, ಟಿಪ್ಪರ್ ಚಾಲಕರು. ನುರಿತವರೇ ಬೇಕೆಂದು ಬಹುಪಾಲು ಹೊರಗಿನಿಂದ ಕರೆತರುತ್ತಾರೆ. ಊರಿನ ಹುಡುಗರಿಗೆ ಸಿಗುವುದು ವಾಚಮನ್ ಕೆಲಸ, ಜೊತೆಗೆ ಗುಡಿಯ ಜೀರ್ಣೋದ್ಧಾರಕ್ಕೆ ಒಂದು ಚೆಕ್ಕು. ಆ ಚೆಕ್ಕು ಬಂದ ದಿನ ಊರು ಎರಡಾಗುತ್ತದೆ. ಗುಂಪಿನಲ್ಲಿ ಕ್ವಾರಿ ಪರವಾಗಿ ಅತಿ ಜೋರಾಗಿ ಬರೆಯುವವರ ಹೊಲಗಳು ಟಿಪ್ಪರ್ ಹಾದಿಯ ಅಕ್ಕಪಕ್ಕದಲ್ಲಿರುವುದನ್ನು ಹೇಳದೆ ಬಿಟ್ಟರೆ ಅವರಿಗೆ ಅನ್ಯಾಯವಾದೀತು. ಹೊಲ ಮಾರಿ ಹಡಪ್ಸರಿನಲ್ಲಿ ಎರಡನೆಯ ಫ್ಲ್ಯಾಟು ಕೊಳ್ಳುವುದು ಅಪರಾಧವಲ್ಲ. ಅದಕ್ಕೆ ಊರಿನ ಉದ್ಧಾರ ಎಂಬ ಹೆಸರು ಬೇಡ.

ಹಾಗಾದರೆ ರಸ್ತೆ, ಶಾಲೆ, ಆಸ್ಪತ್ರೆಗೆ ಕಲ್ಲು ಎಲ್ಲಿಂದ? ಪ್ರಶ್ನೆ ನ್ಯಾಯವಾದದ್ದು. ಜಗತ್ತು ವರ್ಷಕ್ಕೆ 5,000 ಕೋಟಿ ಟನ್ ಮರಳು, ಜಲ್ಲಿ, ಪುಡಿಗಲ್ಲು ಬಳಸುತ್ತಿದೆ ಎಂದು 2022ರ ವಿಶ್ವಸಂಸ್ಥೆಯ ಪರಿಸರ ವರದಿ ಹೇಳುತ್ತದೆ. ಕಲ್ಲೇ ಬೇಡವೆಂದು ನಾನಾಗಲಿ ಊರಿನವರಾಗಲಿ ಹೇಳಿಲ್ಲ. ಈಗಾಗಲೇ ತೋಡಿದ ಹೊಂಡಗಳಿವೆ, ವಸತಿಯಿಂದ ದೂರದ ಬಂಡೆಗಳಿವೆ. ಅರ್ಜಿದಾರರಿಗೆ ಇದೇ ಗುಡ್ಡ ಬೇಕಿರುವುದು ಡಾಂಬರು ರಸ್ತೆ ಹತ್ತಿರವಿದೆ ಎಂಬ ಕಾರಣಕ್ಕೆ. ಇನ್ನು ನಮ್ಮ ನಗರಗಳ ಮಾತು. ಮುಂಬೈಯಲ್ಲಿ, ಪುಣೆಯಲ್ಲಿ ರೀಡೆವಲಪ್‌ಮೆಂಟಿನ ಹೆಸರಲ್ಲಿ ಗಟ್ಟಿಮುಟ್ಟಾದ ಕಟ್ಟಡಗಳನ್ನು ದಿನಾ ಕೆಡವುತ್ತಿದ್ದಾರೆ. ಆ ಭಗ್ನಾವಶೇಷವೂ ಖಡಿಯೇ. ಐಎಸ್ 383ರ 2016ರ ಆವೃತ್ತಿ, ಹಳೆಯ ಕಾಂಕ್ರೀಟನ್ನು ಅರೆದ ಜಲ್ಲಿಯನ್ನು ಸಾದಾ ಕಾಂಕ್ರೀಟಿನಲ್ಲಿ ಶೇ. 25ರವರೆಗೆ, ಎಂ-25ರವರೆಗಿನ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಶೇ. 20ರವರೆಗೆ ಬಳಸಲು ಬಿಡುತ್ತದೆ. ಕಟ್ಟಡ ತ್ಯಾಜ್ಯ ನಿರ್ವಹಣೆಗೆ 2016ರಿಂದ ನಿಯಮಗಳಿವೆ. ದಿಲ್ಲಿಯ ಬುರಾರಿಯಲ್ಲಿ 2009ರಿಂದಲೇ ಅಂಥ ಘಟಕವಿದೆ. ಆದರೂ ರಾತ್ರಿ ಹೊತ್ತು ಡಂಪರುಗಳು ಅದನ್ನು ಖಾಡಿಯ ದಡಕ್ಕೆ, ನದಿಯ ಪಾತ್ರಕ್ಕೆ ಸುರಿದು ಹೋಗುತ್ತವೆ. ಈ ಪತ್ರಿಕೆಯ ಓದುಗರಲ್ಲಿ ಸಿವಿಲ್ ಎಂಜಿನಿಯರುಗಳು ಎಷ್ಟು ಜನ ಇದ್ದೀರಿ? ನಿಮ್ಮ ಟೆಂಡರಿನಲ್ಲಿ ಆ ಶೇ. 20 ಎಂಬ ಸಾಲು ಎಂದಾದರೂ ಇತ್ತೇ?

ಈಗ ಎರಡನೆಯ ವಾದ: “ನಮಗ್ಯಾಕ ಬೇಕು.” ಇದಕ್ಕೆ ನಾನು ಭಾವನೆಯ ಉತ್ತರ ಕೊಡುವುದಿಲ್ಲ, ಕಾನೂನಿನ ಉತ್ತರ ಕೊಡುತ್ತೇನೆ. 2006ರ ಅಧಿಸೂಚನೆ ಜನಾಭಿಪ್ರಾಯಕ್ಕೆ ಎರಡು ಬಾಗಿಲು ಇಟ್ಟಿದೆ. ಒಂದು, ಸ್ಥಳದಲ್ಲೇ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯ ಸಭೆ, ಅಲ್ಲಿಯ ಬಾಧಿತರಿಗೆ. ಇನ್ನೊಂದು, ಯೋಜನೆಯಲ್ಲಿ ಹಿತಾಸಕ್ತಿ ಇರುವ ಇತರ ಯಾರಾದರೂ ಲಿಖಿತವಾಗಿ ಹೇಳುವುದಕ್ಕೆ. ಊರಲ್ಲಿ ಅವ್ವ ಅಪ್ಪ ಇರುವ, ಹೊಲ ಇರುವ, ಆ ಬಾವಿಯ ನೀರು ಕುಡಿಯಲು ವರ್ಷಕ್ಕೆ ಎರಡು ಸಲ ಹೋಗುವ ನಮಗೆ ಆ ಎರಡನೆಯ ಬಾಗಿಲು ತೆರೆದಿದೆ.

ಆ ಬಾಗಿಲಿನ ಒಳಗಿರುವುದು ಇಂಗ್ಲಿಷು. ನೋಟಿಸು ಕನ್ನಡ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ, ಸಭೆಗೆ ಮೂವತ್ತು ದಿನ ಮುಂಚೆ. ಸಾರಾಂಶದ ಕನ್ನಡ ಪ್ರತಿಯೂ ಇರುತ್ತದೆ, ಯಂತ್ರ ಮಾಡಿದಂಥ ಕನ್ನಡದಲ್ಲಿ. ನೂರಾರು ಪುಟದ ಮೂಲ ವರದಿ ಮಾತ್ರ ಇಂಗ್ಲಿಷಿನಲ್ಲಿ. ಇದೇನು ಸಣ್ಣ ವಿಷಯವಲ್ಲ: 2020ರಲ್ಲಿ ಕೇಂದ್ರವು ಈ ಅಧಿಸೂಚನೆಯನ್ನೇ ಬದಲಿಸಲು ಹೊರಟಾಗ, ಕರಡು ಕನ್ನಡದಲ್ಲಿ ಜನರಿಗೆ ತಲುಪಿಲ್ಲ ಎಂಬ ಕಾರಣಕ್ಕೆ ಅದನ್ನು ಅಂತಿಮಗೊಳಿಸದಂತೆ ಕರ್ನಾಟಕ ಹೈಕೋರ್ಟು ತಡೆದಿತ್ತು. ಇಂಥ ವರದಿಗಳನ್ನು ಯಾರೂ ಓದುವುದಿಲ್ಲ ಎಂಬ ಭರವಸೆಯಲ್ಲೇ ಅವುಗಳನ್ನು ಬರೆಯುತ್ತಾರೆ. ನಮ್ಮ ಪಕ್ಕದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯ ವರದಿಯಿಂದ ಎತ್ತಿದ ಭಾಗಗಳು ಸಿಕ್ಕಿದ್ದವು. ಓದಿದವರು ಇದ್ದರು, ಸಿಕ್ಕಿತು. ನಾವು ದಿನವಿಡೀ ಇಂಗ್ಲಿಷ್ ವರದಿ ಓದಿ, ತಪ್ಪು ಹುಡುಕಿ, ಸಂಬಳ ಎಣಿಸುವ ಜನ. ಊರು ನಮ್ಮನ್ನು ಓದಿಸಿದ್ದಕ್ಕೆ ಇದಕ್ಕಿಂತ ನೇರವಾದ ಉಪಯೋಗ ನನಗೆ ಹೊಳೆಯುತ್ತಿಲ್ಲ.

ನಮ್ಮ ಗುಂಪಿನಲ್ಲಿ ಈಗ ಒಂಬತ್ತು ಜನ ಇದ್ದೇವೆ. ಪರಿವೇಶ್ ಜಾಲತಾಣದಿಂದ ಅಕ್ಕಪಕ್ಕದ ಅರ್ಜಿಗಳ ಕಾಗದಗಳನ್ನು ಒಟ್ಟು ಮಾಡಿದ್ದೇವೆ. ಹೈದರಾಬಾದಿನ ಒಬ್ಬಳು ಹುಡುಗಿ ಗಡಿಬಿಂದುಗಳ ಅಕ್ಷಾಂಶ ರೇಖಾಂಶಗಳನ್ನು ಉಪಗ್ರಹ ನಕ್ಷೆಯ ಮೇಲೆ ಹಾಕಿ, ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರ್ ಇಲ್ಲವೆಂದು ತೋರಿಸಿದಳು. ಎಲ್ಲವನ್ನೂ ಒಂದೇ ಕ್ಲಸ್ಟರ್ ಎಂದು ಅಳೆಯಿರಿ, ಪೂರ್ಣ ಅಧ್ಯಯನ ಮಾಡಿಸಿ, ಊರಲ್ಲೇ ಸಭೆ ಕರೆಯಿರಿ ಎಂದು ಬರೆದ ಪತ್ರಕ್ಕೆ ಸ್ವೀಕೃತಿ ಮುದ್ರೆ ಬಿದ್ದಿದೆ, ಉತ್ತರ ಬಂದಿಲ್ಲ. ಊರಲ್ಲಿ ಪಿಯುಸಿ ಓದುವ ಹುಡುಗರು ಮನೆಮನೆಗೆ ಹೋಗಿ ಗೋಡೆಗಳ ಫೋಟೊ ತೆಗೆಯುತ್ತಿದ್ದಾರೆ, ಪ್ರತಿ ಫೋಟೊದಲ್ಲಿ ಆ ದಿನದ ಪತ್ರಿಕೆ ಹಿಡಿದು. ಬೋರುಗಳ ನೀರಿನ ಮಟ್ಟವನ್ನೂ ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಬರೆದಿಡುತ್ತಿದ್ದಾರೆ. ಒಬ್ಬ ಹಿರಿಯ ಕುರಿಗಾರರು ಫೋನಿನಲ್ಲಿ ಕೇಳಿದರು: “ತಮ್ಮಾ, ಕುರಿ ಲೆಕ್ಕಾನೂ ಬರೀಬೇಕೇನು?” ಬರೀರಿ ಕಾಕಾ, ಅಂದೆ. ಯಾರ ಹಟ್ಟಿ, ಎಷ್ಟು ಕುರಿ, ವರ್ಷದಲ್ಲಿ ಎಷ್ಟು ತಿಂಗಳು ಗುಡ್ಡದ ಮೇಲೆ. ಪಹಣಿಯಲ್ಲಿ ಇಲ್ಲದ್ದು ಆಕ್ಷೇಪಣೆಯಲ್ಲಾದರೂ ಇರಲಿ.

ಪೂರ್ಣ ವರದಿ ಬಂದರೆ ಅದರ ನಾಲ್ಕನೇ ಅಧ್ಯಾಯ ಪರಿಣಾಮಗಳದ್ದು, ಐದನೆಯದು ಪರ್ಯಾಯಗಳದ್ದು. ಖನಿಜ ಇದ್ದಲ್ಲೇ ತೆಗೆಯಬೇಕು, ಆದ್ದರಿಂದ ಪರ್ಯಾಯವಿಲ್ಲ ಎಂದು ಐದನೆಯದನ್ನು ಎರಡು ಸಾಲಿನಲ್ಲಿ ಮುಗಿಸುವುದು ವಾಡಿಕೆ. ನಾಲ್ಕನೆಯದನ್ನು ಕನ್ನಡಕ್ಕೆ ತರಲು ಇಬ್ಬರು ಒಪ್ಪಿದ್ದಾರೆ. ಅಂತರ್ಜಲದ ಭಾಗವನ್ನು ಓದಿ ಪ್ರಶ್ನೆ ಎತ್ತಬಲ್ಲ ಭೂವಿಜ್ಞಾನ ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಸಭೆಗೆ ದಿನ ಗೊತ್ತಾದರೆ ನಮಗೆ ಸಿಗುವುದು ಮೂವತ್ತೇ ದಿನ. ಬಲ್ಲವರು ಈ ಪತ್ರಿಕೆಯ ಸಂಪಾದಕರಿಗೆ ಬರೆದರೆ ನಮಗೆ ತಲುಪುತ್ತದೆ.